ನೀರೊಳಗಿನ ನಡಿಗೆ

ಲಿಂಗ ಗುಂಡಿಯೊಳಗೆ ಬಾಗಿ ಮತ್ತೊಂದು ಬಕೆಟ್ ಕೆಸರುನೀರು ತುಂಬಿ ಮೇಲಕ್ಕೆ ಎತ್ತಿಕೊಟ್ಟ. ದಡದಲ್ಲಿ ನಿಂತಿದ್ದ ಪಕ್ಕದ ಹೊಲದ ಕರಿಬಸಪ್ಪ ಅದನ್ನು ಶುಂಠಿ ಪಾತಿಯ ಆಚೆಗೆ ಚೆಲ್ಲಿ, ಖಾಲಿ ಬಕೆಟ್ಟನ್ನು ಮತ್ತೆ ಕೆಳಗಿಳಿಸಿದ.

"ಇನ್ನೂ ಬತ್ತಾನೇ ಐತೆ ಕಣಣ್ಣ," ಎಂದ ಲಿಂಗ. "ಮ್ಯಾಲಿನ ಕಾಲುವೇಲಿ ನೀರು ಬಿಟ್ಟವ್ರೆ. ಜಿನುಗೆಲ್ಲಾ ಇಲ್ಲಿಗೇ ಇಳೀತದೆ. ಈಗ ಮೊಣಕಾಲಿಗೈತೆ. ಹೊತ್ತು ಮುಳುಗೋದ್ರೊಳಗೆ ಸೊಂಟಕ್ಕೆ ಬತ್ತದೆ."

"ಬೇರೆ ಕಡೆ ತೋಡಿದ್ರೆ?"

"ಬೇರೆ ಕಡೆ ಬೇಡ," ಎಂದರು ತಿಮ್ಮಯ್ಯ. "ಅವಳು ಕೇಳಿದ್ದು ಇದೇ ಜಾಗ."

ಅವರು ಹೊಂಗೆಮರದ ಬುಡದಲ್ಲಿ ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರು. ಇಡೀ ಹೊಲದಲ್ಲಿ ಸಿಗ್ನಲ್ ನೆಟ್ಟಗೆ ಸಿಗುವುದು ಅಲ್ಲಿ ಮಾತ್ರ. ಗುಂಡಿಯ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿತ್ತು. ಅದರ ಕೆಳಗೆ ಅವರ ಮೊದಲ ಮಗಳು ಮಲಗಿ ನಲವತ್ತು ವರ್ಷ ದಾಟಿತ್ತು. ಈಗ ಪಕ್ಕದಲ್ಲಿ ಮಲಗಬೇಕಾದವಳು ಅವರ ಹೆಂಡತಿ ವಿಶಾಲಾಕ್ಷಮ್ಮ. ನಿನ್ನೆ ಮಧ್ಯಾಹ್ನ ಕೊಟ್ಟಿಗೆಯಿಂದ ಬಂದು ಜಗಲಿಯ ಮೇಲೆ ಕೂತು, ಒಂದು ಲೋಟ ನೀರು ಕೊಡಿ ಎಂದಿದ್ದಳು. ತಿಮ್ಮಯ್ಯ ನೀರು ತರುವಷ್ಟರಲ್ಲಿ ಗೋಡೆಗೆ ಒರಗಿದವಳು ಒರಗಿಯೇ ಇದ್ದಳು.

"ತಿಮ್ಮಣ್ಣ, ನನ್ನ ಮಾತು ಕೇಳು," ಎಂದ ಕರಿಬಸಪ್ಪ. "ಕುಶಾಲನಗರದಿಂದ ಐಸ್ ಪೆಟ್ಟಿಗೆ ತರ್ಸನ. ಒಂದೆರಡು ದಿನ ಕಾಯನ. ಇರೋನು ಒಬ್ನೇ ಮಗ. ಅವನಿಲ್ದೆ ಮಣ್ಣು ಮಾಡದಾ? ದುಬೈಲಿರೋರೇ ಬೆಳಗಾಗೋದ್ರೊಳಗೆ ಬಂದಿಳೀತಾರೆ."

"ಅವರು ವಿಮಾನ ಹತ್ತಿ ಬರ್ತಾರೆ. ಅಶೋಕ ನೀರೊಳಗಿದ್ದಾನೆ."

ಅಶೋಕ್ ನೌಕಾಪಡೆಯ ಜಲಾಂತರ್ಗಾಮಿಯಲ್ಲಿದ್ದ. ವೈಜಾಗ್ ಬಿಟ್ಟು ಒಂದು ತಿಂಗಳಾಗಿತ್ತು. ಎಲ್ಲಿದ್ದಾನೆಂದು ಅಪ್ಪನಿಗೂ ಗೊತ್ತಿರಲಿಲ್ಲ, ಅವನ ಹೆಂಡತಿ ಕಾವ್ಯಶ್ರೀಗೂ ಗೊತ್ತಿರಲಿಲ್ಲ. ಗೊತ್ತಿರಲೂ ಬಾರದು.

"ಅದನ್ನೇ ಜೋರಾಗಿ ಓಡಿಸ್ಕಂಡು ಬರಕ್ಕಾಗಲ್ವಾ?"

ತಿಮ್ಮಯ್ಯ ಫೋನಿನಿಂದ ಕಣ್ಣೆತ್ತಿದರು. ಅವರೂ ಅದೇ ಕೆಲಸ ಮಾಡಿದವರು. ಜಲಾಂತರ್ಗಾಮಿಯ ಬ್ಯಾಟರಿ ಕೋಣೆಯಲ್ಲಿ ತಮ್ಮ ಪ್ರಾಯವನ್ನು ಕಳೆದು ಬಂದು, ಆಮೇಲೆ ಶುಂಠಿ ಬೆಳೆದವರು.

"ಜೋರಾಗಿ ಹೋದಷ್ಟೂ ನೀರು ಎದುರು ನಿಲ್ಲುತ್ತೆ ಕರಿಬಸಪ್ಪ. ಎರಡರಷ್ಟು ವೇಗ ಮಾಡಿದ್ರೆ ತಡೆ ನಾಲ್ಕರಷ್ಟಾಗುತ್ತೆ. ಬ್ಯಾಟರಿ ಎಂಟರಷ್ಟು ಬೇಗ ಇಳಿದುಹೋಗುತ್ತೆ. ಇಡೀ ದಿನ ಬರೋದು ಮೂರು ಗಂಟೇಲಿ ಖಾಲಿ. ಆಮೇಲೆ ಚಾರ್ಜಿಗೆ ಅಂತ ಮೇಲಕ್ಕೆ ಬರ್ಬೇಕು. ಬಂದ್ರೆ ಯಾರ ಕಣ್ಣಿಗಾದ್ರೂ ಬೀಳ್ತಾರೆ. ಅದಕ್ಕೇ ಕೆಳಗಿದ್ದಾಗ ನಡ್ಕೊಂಡು ಹೋದ ಹಾಗೆ ಹೋಗೋದು. ನೀನು ಕ್ಯಾನು ಹಿಡ್ಕೊಂಡು ಡೈರಿಗೆ ಹೋಗ್ತೀಯಲ್ಲ, ಹಾಗೆ."

"ಹಡಗುಗಳು ಹಂಗಲ್ವಲ್ಲ."

"ಹಡಗಿನದ್ದು ಬೇರೆ ಕಷ್ಟ. ಅದು ಹೋಗ್ತಾ ಅಲೆ ಎಬ್ಬಿಸುತ್ತೆ. ಎಬ್ಬಿಸಿದ ಅಲೆಗೇ ಅರ್ಧ ಶಕ್ತಿ ಹೋಗುತ್ತೆ. ಆಳದಲ್ಲಿ ಅಲೆ ಇಲ್ಲ, ಆದ್ರೆ ಸುತ್ತಲೂ ನೀರೇ, ಮೈಯೆಲ್ಲಾ ಹಿಡ್ಕೊಂಡು…"

ಅವರು ತಟ್ಟನೆ ನಿಲ್ಲಿಸಿದರು. ಈ ಮಾತು ಶುರುವಾದರೆ ಸಾಕು, ಒಳಗಿಂದ 'ಆಯ್ತು, ನಿಮ್ಮ ಬೋಟು ದಡ ಮುಟ್ಟಿತು, ಊಟಕ್ಕೆ ಬನ್ನಿ' ಎಂದು ವಿಶಾಲಾಕ್ಷಮ್ಮ ಕೂಗುತ್ತಿದ್ದಳು. ಇವತ್ತು ಅವರೇ ನಿಲ್ಲಿಸಿಕೊಳ್ಳಬೇಕಾಯಿತು.

"ಹಂಗಾದ್ರೆ ಫೋನು ಯಾರ್ದು ಕಾಯ್ತಾ ಇದ್ದೀಯ?"

"ನೇವಿ ಆಫೀಸಿಂದು. ಅವರು ಇಲ್ಲಿಂದ ಸುದ್ದಿ ಕಳಿಸಬಹುದು, ಒಳಗಿರೋರಿಗೆ ತಲುಪುತ್ತೆ. ಅಲ್ಲಿಂದ ಮಾತು ವಾಪಸು ಬರಲ್ಲ. ಅಮ್ಮ ಹೋದ್ಲು ಅಂತ ಈಗಲೇ ಅವನಿಗೆ ಹೇಳೋದಾ, ಬಂದರಿಗೆ ಬಂದ ಮೇಲೆ ಹೇಳೋದಾ, ಮನೆಯವರು ತೀರ್ಮಾನ ಮಾಡಿ ಅಂದಿದ್ದಾರೆ. ಸಂಜೆ ಸುದ್ದಿ ಹೋಗೋದಕ್ಕೆ ಮುಂಚೆ ಕೇಳ್ತಾರೆ."

"ಅದರಲ್ಲೇನು ತೀರ್ಮಾನ? ತಾಯಿ ಹೋದ್ರೆ ಮಗನಿಗೆ ಹೇಳ್ದೆ ಇರ್ತಾರಾ?"

"ನಾನೂ ಅದನ್ನೇ ಹೇಳೋದು," ಎಂದರು ತಿಮ್ಮಯ್ಯ. ಆದರೂ ಫೋನನ್ನು ಪಂಚೆಗೆ ಒರೆಸಿ ಮತ್ತೊಮ್ಮೆ ನೋಡಿದರು.

*

ಮದುವೆಯಾಗಿ ಮೊದಲ ರಜೆ ಮುಗಿಯುವ ಹೊತ್ತಿಗೆ ವಿಶಾಲಾಕ್ಷಿಗೆ ಗಂಡನ ಮೇಲೆ ಒಂದು ಗುಮಾನಿ ಬಂದಿತ್ತು. ಮನೆಯಷ್ಟು ದೊಡ್ಡ ಮೋಟರಿದೆ ಎನ್ನುತ್ತಾರೆ, ಆದರೂ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಎಲ್ಲಾದರೂ ಊರು ಸುತ್ತುತ್ತಾರೋ ಏನೋ. ಅದನ್ನು ಹಾಗೆಯೇ ಕೇಳಿದಳು.

ತಿಮ್ಮಯ್ಯ ನಗಲಿಲ್ಲ. ಅವಳನ್ನು ಕಾವೇರಿಗೆ ಕರೆದುಕೊಂಡು ಹೋದರು. ಬೇಸಿಗೆಯ ಹೊಳೆ ತೆಳ್ಳಗೆ ಹರಿಯುತ್ತಿತ್ತು. ಮೊಣಕಾಲಿನವರೆಗಿನ ನೀರಿಗೆ ಅವಳನ್ನು ಇಳಿಸಿ, ನಡಿ ಎಂದರು. ಅವಳು ಸೀರೆ ಎತ್ತಿಕೊಂಡು ನಡೆದಳು.

"ಈಗ ಓಡು."

ಎರಡು ಹೆಜ್ಜೆ ಓಡಿದಳು. ಮೂರನೆಯದಕ್ಕೆ ನೀರು ತೊಡೆಯ ಮುಂದೆ ಗುಡ್ಡೆಯಾಗಿ ಎದ್ದಿತು, ಕಾಲು ಹಿಂದೆ ಉಳಿಯಿತು, ಮೈ ಮುಂದೆ ಹೋಯಿತು. ಅವಳು ಮುಗ್ಗರಿಸಿ ಕೈಯೂರಿ ಬಿದ್ದಳು. ಎದ್ದು ನಿಂತಾಗ ಬಳೆಯವರೆಗೂ ಕೆಸರು.

"ಯಾರೋ ಕೈ ಹಾಕಿ ಹಿಡ್ಕೊಂಡಂಗಾಯ್ತು," ಎಂದಳು.

"ಅದೇ. ನಡೆಯೋರನ್ನ ಬಿಡುತ್ತೆ, ಓಡೋರನ್ನ ಹಿಡಿಯುತ್ತೆ." ಅವರಿಗೆ ಹುರುಪು ಬಂದಿತ್ತು. ಅವಳ ಅಂಗೈಯನ್ನು ಅಗಲವಾಗಿ ನೀರಿನಲ್ಲಿ ತಳ್ಳಿಸಿದರು, ಆಮೇಲೆ ಕತ್ತಿಯ ಅಲುಗಿನಂತೆ ತಿರುಗಿಸಿ ತಳ್ಳಿಸಿದರು. ಅಗಲಕ್ಕೆ ಹಿಡಿದರೆ ತಡೆಯುತ್ತದೆ, ಅಲುಗಾಗಿ ಹಿಡಿದರೆ ಸೀಳಿಕೊಂಡು ಹೋಗುತ್ತದೆ. ಅದಕ್ಕೇ ನಮ್ಮ ಬೋಟಿಗೆ ಮೀನಿನ ಮೈ ಇರುವುದು, ಆ ಮೈಗೆ ಪಾಚಿಯೋ ಚಿಪ್ಪೋ ಹತ್ತಿಕೊಂಡರೂ ವೇಗ ಕಮ್ಮಿಯಾಗುತ್ತದೆ, ಹೆರೆದು ತೆಗೆಯಬೇಕು ಎಂದೆಲ್ಲ ಹೇಳಿದರು. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಹೊಳೆಯ ಆಚೆ ದಡವನ್ನು ನೋಡುತ್ತಿದ್ದಳು.

"ನೀವು ಒಳಗಿರೋವಾಗ ಇಲ್ಲಿ ಏನಾದ್ರೂ ಆದ್ರೆ?"

"ಏನಾಗುತ್ತೆ?"

"ಏನಾದ್ರೂ."

ಅವಳು ಸೀರೆಯ ನೀರು ಹಿಂಡಿಕೊಂಡು ದಡ ಹತ್ತಿದಳು. ಆ ದಿನದ ಮೇಲೆ ಅವಳು ಹೊಳೆಗೆ ಇಳಿಯಲಿಲ್ಲ. ನೆಂಟರೆಲ್ಲ ದುಬಾರೆಗೆ ಹೋದಾಗಲೂ ದೋಣಿ ಹತ್ತದೆ, ಎಲ್ಲರ ಚಪ್ಪಲಿ ಕಾಯುತ್ತ ಈಚೆ ದಡದಲ್ಲೇ ಕೂತಿದ್ದಳು.

*

ಮನೆಯ ಮುಂದೆ ಶಾಮಿಯಾನದ ಕೆಳಗೆ ಹೆಂಗಸರು ಕೂತಿದ್ದರು. ನಡುವೆ ಚಾಪೆಯ ಮೇಲೆ ವಿಶಾಲಾಕ್ಷಮ್ಮ. ಹಣೆಗೆ ಅಗಲವಾಗಿ ಕುಂಕುಮ ಇಟ್ಟಿದ್ದರು. ತಲೆಯ ಬಳಿ ತಂಗಿ ಗಂಗೆ ಕೂತು ನೊಣ ಬಾರದಂತೆ ಸೆರಗು ಬೀಸುತ್ತಿದ್ದಳು.

"ಡೈರಿ ಸೆಕ್ರೆಟರಿ ಹಾಲಿಗೆ ನೀರು ಹಾಕಿದ್ದೀಯ ಅಂದಿದ್ದಕ್ಕೆ ಏನ್ ಮಾಡಿದ್ಲು ಗೊತ್ತಾ?" ಎಂದಳು ಒಬ್ಬಾಕೆ. "ಹಸೂನೇ ಹೊಡ್ಕೊಂಡು ಹೋಗಿ ಅವನ ಮೇಜಿನ ಮುಂದೆ ಹಾಲು ಕರೆದ್ಲು. ಈಗ ಅಳೀರಿ ಅಂತ."

"ಕರೆದು, ಅದೇ ಹಾಲಲ್ಲಿ ಅವನಿಗೇ ಕಾಫಿ ಮಾಡ್ಕೊಟ್ಟು ಬಂದ್ಲು," ಎಂದಳು ಗಂಗೆ. ಎಲ್ಲರೂ ಸ್ವಲ್ಪ ನಕ್ಕರು. ಆಮೇಲೆ ಯಾರೋ ಅಳಲು ಶುರುಮಾಡಿದರು.

ತಿಮ್ಮಯ್ಯ ಅವಳಿಗೆ ಉಡಿಸಲು ಹೊಸ ಸೀರೆ ಸಿಕ್ಕಿತೇ ಎಂದು ಕೇಳಲು ಬಂದಿದ್ದರು. ಸೊಸೆ ಕಾವ್ಯಶ್ರೀ ಅವರನ್ನು ಅಡುಗೆಮನೆಯ ಹಿಂದಕ್ಕೆ ಕರೆದಳು. ಕುಶಾಲನಗರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದ ಅವಳು ಮಾತಿನಲ್ಲಿ ತಡವರಿಸುವವಳಲ್ಲ. ಈಗ ತಡವರಿಸಿದಳು.

"ಮಾವ, ಅವರಿಗೆ… ಈಗಲೇ ಹೇಳ್ಬೇಡಿ."

"ಮಗನಿಂದ ತಾಯಿ ಸಾವು ಮುಚ್ಚಿಡೋದಾ?"

"ಮುಚ್ಚಿಡೋದಲ್ಲ. ಬಂದ ಮೇಲೆ ಹೇಳೋಣ. ಅಲ್ಲಿ ಎದ್ದು ಹೊರಗೆ ಹೋಗಿ ಅಳೋಕೂ ಜಾಗ ಇಲ್ಲ ಅಂತ ನೀವೇ ಹೇಳಿದ್ದೀರ. ಮಲಗೋ ಹಲಗೇನೂ ಇಬ್ಬರು ಸರದಿ ಮೇಲೆ ಹಂಚ್ಕೋತಾರಂತೆ. ಅಂಥಾ ಕಡೆ ಹೇಳಿದ್ರೆ ಏನ್ ಮಾಡ್ತಾರೆ ಅವರು? ವಾಲ್ವ್ ತಿರುಗಿಸೋ ಕೆಲಸ ಅವರದ್ದು. ಮನಸ್ಸು ಎಲ್ಲೋ ಇದ್ದು ಕೈ ಎಲ್ಲೋ ಹೋದ್ರೆ? ನಿನ್ನೆಯಿಂದ ನನಗೆ ಅದೊಂದೇ ಕಣ್ಮುಂದೆ ಬರ್ತಿದೆ. ಅತ್ತೆಗೋಸ್ಕರ ಅಳೋಕೂ ಆಗ್ತಿಲ್ಲ ಮಾವ."

"ಒಳಗೆ ಒಬ್ಬನೇ ಇರಲ್ಲ ಅವನು. ಕೈ ತಪ್ಪಿದ್ರೆ ನೋಡೋಕೆ ಇನ್ನೊಬ್ಬ ಇರ್ತಾನೆ."

"ನೋಡದೇ ಇದ್ರೆ?"

ಬ್ಯಾಟರಿ ಕೋಣೆಯಲ್ಲಿ ಒಬ್ಬ ಹುಡುಗನ ಗಮನ ತಪ್ಪಿ ಹೊಗೆ ಎದ್ದದ್ದನ್ನು ತಿಮ್ಮಯ್ಯ ಕಂಡವರು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ನನಗೆ ಹೀಗೇ ಮಾಡಿದ್ರು," ಎಂದರು. "ನಾನು ನನ್ನ ಮಗನಿಗೆ ಮಾಡಲ್ಲ."

*

ಮೊದಲ ಮಗಳು ಮುದ್ದಿಗೆ ಆಗ ಎರಡು ತುಂಬಿ ಮೂರು ನಡೆಯುತ್ತಿತ್ತು. ಹೊಕ್ಕ ಜ್ವರ ಬಿಡಲಿಲ್ಲ. ಮಡಿಕೇರಿಯ ಆಸ್ಪತ್ರೆಗೆ ಒಯ್ದರು. ವಾಪಸು ಬರುವಾಗ ಬಾಡಿಗೆ ಜೀಪಿನಲ್ಲಿ ವಿಶಾಲಾಕ್ಷಿ ಉಸಿರು ನಿಂತಿದ್ದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕುಲುಕಾಟಕ್ಕೆ ತಲೆ ಆಡದಂತೆ ದಾರಿಯುದ್ದಕ್ಕೂ ಹಿಡಿದುಕೊಂಡಿದ್ದಳು.

ತಿಮ್ಮಯ್ಯ ಆಗ ನೀರೊಳಗಿದ್ದರು. ಆಫೀಸಿನಿಂದ ಬಂದ ಮನುಷ್ಯ ಜಗಲಿಯ ಮೇಲೆ ಕೂತು ಇದೇ ಪ್ರಶ್ನೆ ಕೇಳಿದ. ತಿಮ್ಮಯ್ಯನ ತಂದೆ, ಹೇಳಿಬಿಡಿ ಎಂದರು. ಒಳಗಿನಿಂದ ವಿಶಾಲಾಕ್ಷಿ ಬಂದು, ಬೇಡ, ದಡಕ್ಕೆ ಬಂದ ಮೇಲೆ ಹೇಳಿ ಎಂದಳು. ಮನೆಯ ಹಿರಿಯರ ಎದುರು ಅವಳು ದನಿ ಎತ್ತಿದ್ದು ಅದೇ ಮೊದಲು.

ಬಂದರಿನಲ್ಲಿ ಇಳಿದ ತಿಮ್ಮಯ್ಯನನ್ನು ಪರಿಚಯವಿಲ್ಲದ ಒಬ್ಬ ಆಫೀಸರ್ ಪಕ್ಕಕ್ಕೆ ಕರೆದು, ಭುಜದ ಮೇಲೆ ಕೈಯಿಟ್ಟು ಸುದ್ದಿ ಹೇಳಿದ. ತಾರೀಕನ್ನೂ ಹೇಳಿದ. ತಿಮ್ಮಯ್ಯ ಊರಿನ ರೈಲಿನಲ್ಲಿ ಕೂತು ಆ ತಾರೀಕನ್ನೇ ಹಿಡಿದು ಹಿಂದಕ್ಕೆ ಹೋದರು. ಅಂದು ಬೋಟಿನ ಅಡುಗೆಯವನ ಹುಟ್ಟುಹಬ್ಬ. ಹಾಲಿನ ಪುಡಿಯಲ್ಲಿ ಬರ್ಫಿ ಮಾಡಿದ್ದ. ತಿಮ್ಮಯ್ಯ ತಟ್ಟೆ ಬಡಿದು ಹಾಡು ಹೇಳಿದ್ದರು. ಇನ್ನೊಂದು ಬರ್ಫಿಗಾಗಿ ಕಿತ್ತಾಡಿದ್ದರು. ಆಮೇಲಿನ ದಿನಗಳಲ್ಲೂ ನಕ್ಕಿದ್ದರು, ಇಸ್ಪೀಟು ಆಡಿದ್ದರು, ಮಗುವಿಗೆ ಯಾವ ಬಣ್ಣದ ರೇನ್‌ಕೋಟ್ ಒಯ್ಯಬೇಕೆಂದು ನಾಲ್ಕು ಜನರನ್ನು ಕೇಳಿದ್ದರು.

ಮನೆಗೆ ಬಂದು, ಚೀಲವನ್ನೂ ಇಳಿಸದೆ, "ಯಾಕೆ ಮುಚ್ಚಿಟ್ಟೆ?" ಎಂದರು.

"ಹೇಳಿದ್ರೆ ಏನ್ ಮಾಡ್ತಿದ್ರಿ? ಈಜ್ಕೊಂಡು ಬರ್ತಿದ್ರಾ?" ಎಂದಳು ವಿಶಾಲಾಕ್ಷಿ.

ಆ ರಜೆ ಮುಗಿಯುವವರೆಗೂ ಅವರು ಅವಳೊಂದಿಗೆ ಮಾತಾಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಶೋಕ ಹುಟ್ಟಿದ. ಹಸು ಬಂತು, ಶುಂಠಿ ಬಂತು, ಒಂದು ವರ್ಷ ಕೊಳೆರೋಗದಲ್ಲಿ ಶುಂಠಿಯೆಲ್ಲ ಹೋಯಿತು. ಗಂಡಹೆಂಡಿರು ಎಲ್ಲದರ ಬಗ್ಗೆಯೂ ಮಾತಾಡಿದರು, ಜಗಳವಾಡಿದರು. ಆ ಒಂದು ವಿಷಯ ಮತ್ತೆ ಬರಲಿಲ್ಲ. ತಿಮ್ಮಯ್ಯ ಬರ್ಫಿ ತಿನ್ನುವುದನ್ನು ಬಿಟ್ಟಿದ್ದರು. ಯಾಕೆಂದು ಅವಳು ಕೇಳಲಿಲ್ಲ.

*

ಸೋನೆ ಹಿಡಿಯಿತು. ಲಿಂಗ ಗುಂಡಿಯಿಂದ ಕೈ ಮೇಲೆತ್ತಿ, ಇನ್ನು ಎತ್ತಿ ಪ್ರಯೋಜನವಿಲ್ಲ, ಎತ್ತಿದಷ್ಟೇ ಬರುತ್ತಿದೆ, ಬೇಗ ತನ್ನಿ ಎಂದ. ಕರಿಬಸಪ್ಪ ತಳಕ್ಕೆ ಹಾಸಲು ಹೊಂಗೆಯ ಕೊಂಬೆ ಕಡಿಯುತ್ತಿದ್ದ. ಮನೆಯ ಕಡೆ ಚಟ್ಟ ಕಟ್ಟುತ್ತಿದ್ದರು. ತಿಮ್ಮಯ್ಯ ಮರದಡಿಯಲ್ಲಿ ಅದೇ ಜಾಗದಲ್ಲಿ ನಿಂತಿದ್ದರು. ಫೋನ್ ಒದ್ದೆಯಾಗದಂತೆ ಟವೆಲ್ಲಿನಲ್ಲಿ ಸುತ್ತಿದ್ದರು. ಎರಡು ಸಲ ಅದು ರಿಂಗಾದಂತೆ ಅನಿಸಿ ಬಿಚ್ಚಿ ನೋಡಿ ಮತ್ತೆ ಸುತ್ತಿದರು.

ಗಂಗೆ ಬದುವಿನ ಮೇಲೆ ಕೊಡೆ ಹಿಡಿದು ಬಂದಳು. ಹಿಂದೆ ಸ್ವಲ್ಪ ದೂರದಲ್ಲಿ ಕಾವ್ಯಶ್ರೀ ನಿಂತಳು.

"ಭಾವ, ಹೇಳೇ ಹೇಳ್ತೀನಿ ಅಂತಿದ್ದೀರಂತೆ."

"ಹೌದು."

"ಅಕ್ಕನ ಮೇಲಿನ ಸಿಟ್ಟಿಗಾ?"

"ಆ ಸಿಟ್ಟು ಯಾವತ್ತೋ ಹೋಯ್ತು ಗಂಗೆ."

"ಹೋಗಿಲ್ಲ. ಅಕ್ಕಂಗೂ ಗೊತ್ತಿತ್ತು, ಹೋಗಿಲ್ಲ ಅಂತ." ಗಂಗೆ ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದಳು. "ನಾನು ಒಂದ್ಸಲ ಕೇಳ್ದೆ. ಅಶೋಕನ ಬಾಣಂತನಕ್ಕೆ ಬಂದಿದ್ದಾಗ. ಯಾಕಕ್ಕ ಹಂಗ್ ಮಾಡ್ದೆ, ಭಾವಂಗೆ ಹೇಳ್ಬೋದಿತ್ತಲ್ಲ ಅಂತ. ಅದಕ್ಕೆ ಅಂದ್ಲು, ಇಲ್ಲಿ ಎಲ್ರ ಪಾಲಿಗೂ ಮುದ್ದಿ ಹೋಗ್ಬಿಟ್ಟಿದ್ಲು ಗಂಗೆ. ಅವರೊಬ್ರ ಪಾಲಿಗೆ ಇನ್ನೂ ಆಡ್ಕೊಂಡಿದ್ಲು. ಅಲ್ಲಾದ್ರೂ ಒಂದಿಷ್ಟು ದಿನ ಇರ್ಲಿ ಅನ್ನಿಸ್ತು. ಅವರು ಬರೋವರೆಗೂ ನಾನು ದಿನಾ ಅದನ್ನೇ ನೆನೆಸ್ಕೊಂಡು ಊಟ ಮಾಡಿದ್ದು, ಅಂದ್ಲು."

ತಿಮ್ಮಯ್ಯ ಆ ಸಣ್ಣ ಕಲ್ಲಿನ ಕಡೆ ತಿರುಗಿದರು.

"ನನಗೆ ಹೇಳ್ಲಿಲ್ಲವಲ್ಲ."

"ನೀವು ಕೇಳ್ಲಿಲ್ಲ ಭಾವ. ನೀವು ಕೇಳಿದ್ದು ಯಾಕೆ ಮುಚ್ಚಿಟ್ಟೆ ಅಂತ."

ಟವೆಲ್ಲಿನೊಳಗೆ ಫೋನ್ ಅದುರಿತು. ಅವರು ಬಿಚ್ಚಿ ಕಿವಿಗೆ ಹಿಡಿದರು. ಆ ಕಡೆಯವನು ಹಿಂದಿಯಲ್ಲಿ ಮಾತಾಡಿದ. ಸಮಾಧಾನ ಹೇಳಿದ. ಆಮೇಲೆ, ಸಂದೇಶ ಇನ್ನೇನು ಹೋಗುವುದರಲ್ಲಿದೆ, ಕುಟುಂಬದವರ ಅಭಿಪ್ರಾಯ ಏನು ಎಂದ.

ತಿಮ್ಮಯ್ಯ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು. ಸರ್, ಕೇಳಿಸುತ್ತಿದೆಯೇ ಎಂದ ಅವನು.

"ಕೇಳ್ತಿದೆ," ಎಂದರು ಅವರೂ ಹಿಂದಿಯಲ್ಲಿ. "ಈಗ ಬೇಡ. ಬಂದರಿಗೆ ಬಂದ ಮೇಲೆ."

ಖಚಿತವೇ, ಮತ್ತೆ ಬದಲಾಯಿಸುವುದು ಕಷ್ಟ ಎಂದ ಅವನು.

ಅವರು ಕಾವ್ಯಶ್ರೀಯ ಕಡೆ ನೋಡಿದರು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಖಚಿತ. ಆದ್ರೆ ಒಂದು ಮಾತು. ಬೋಟು ಬರೋ ದಿನ ನನಗೆ ತಿಳಿಸಿ. ನಾನು ಅಲ್ಲಿ ಬಂದು ನಿಂತಿರ್ತೀನಿ. ಅವನಿಗೆ ಬೇರೆ ಯಾರೂ ಹೇಳೋದು ಬೇಡ, ನಾನೇ ಹೇಳ್ತೀನಿ."

ಬರುವ ದಿನವನ್ನು ಮೊದಲೇ ತಿಳಿಸಲಾಗುವುದೋ ಇಲ್ಲವೋ, ಮೇಲಿನವರನ್ನು ಕೇಳಿ ನೋಡುತ್ತೇನೆ ಎಂದು ಅವನು ಫೋನಿಟ್ಟ.

ಕಾವ್ಯಶ್ರೀ ಹತ್ತಿರ ಬಂದಳು. "ಅವರು ನಮ್ಮನ್ನ ಬಿಡಲ್ಲ ಮಾವ. ಇಬ್ಬರ ಮೇಲೂ ಸಿಟ್ಟಾಗ್ತಾರೆ."

"ಆಗಲಿ," ಎಂದರು ತಿಮ್ಮಯ್ಯ. "ಆಗ್ತಾನೆ. ಎಷ್ಟು ವರ್ಷಕ್ಕೆ ಇಳಿಯುತ್ತೋ ಗೊತ್ತಿಲ್ಲ."

ವಿಶಾಲಾಕ್ಷಮ್ಮನನ್ನು ತಂದರು. ಲಿಂಗ ಮತ್ತು ಇನ್ನೊಬ್ಬ ಗುಂಡಿಯಲ್ಲಿ ಸೊಂಟದವರೆಗೆ ನಿಂತು ಕೈ ಚಾಚಿದರು. ಕೊಂಬೆಗಳ ಮೇಲೆ ಉಪ್ಪು ಸುರಿದಿದ್ದರು. ಹಗ್ಗ ಬಿಡುವವರಿಗೆ ಕರಿಬಸಪ್ಪ, ಮೆತ್ತಗೆ, ಮೆತ್ತಗೆ ಎನ್ನುತ್ತಿದ್ದ. ಅವಳ ಬೆನ್ನು ನೀರು ಮುಟ್ಟಿದಾಗ ತಿಮ್ಮಯ್ಯ ಕಣ್ಣು ಮುಚ್ಚಿಕೊಂಡರು. ಮಗ ಹಾಕಬೇಕಾದ ಮೊದಲ ಮೂರು ಹಿಡಿ ಮಣ್ಣನ್ನು ಅವರೇ ಹಾಕಿದರು. ಮಣ್ಣು ಒದ್ದೆಯಾಗಿ ಅಂಗೈಗೆ ಮೆತ್ತಿಕೊಂಡು ಬಿಡಲಿಲ್ಲ, ಇನ್ನೊಂದು ಕೈಯಿಂದ ಬಿಡಿಸಿ ಹಾಕಬೇಕಾಯಿತು.

*

ಸ್ನಾನ ಮುಗಿಯುವ ಹೊತ್ತಿಗೆ ಮಳೆ ನಿಂತು ಪಡುವಣದಲ್ಲಿ ಸ್ವಲ್ಪ ಬೆಳಕು ಬಂದಿತ್ತು. ನೆಂಟರು ಒಬ್ಬೊಬ್ಬರಾಗಿ ಹೊರಟರು, ಸಾವಿನ ಮನೆಯ ರೂಢಿಯಂತೆ ಹೇಳದೆಯೇ. ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟು ಹೋದರು. ಗಂಗೆ ದೀಪ ಹಚ್ಚಿದಳು. ಕಾವ್ಯಶ್ರೀ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು.

"ಈಗ ಏನ್ ಮಾಡ್ತಿರ್ತಾರೆ ಮಾವ ಅವರು?"

ತಿಮ್ಮಯ್ಯ ಯೋಚಿಸಿದರು. "ಪಾಳಿ ಮುಗಿದಿದ್ರೆ ಊಟಕ್ಕೆ ಕೂತಿರ್ತಾನೆ. ಯಾರನ್ನಾದ್ರೂ ರೇಗಿಸ್ತಿರ್ತಾನೆ."

ಅವಳು ತಲೆಯಾಡಿಸಿ ಮೊಣಕಾಲಿನ ಮೇಲೆ ಹಣೆಯಿಟ್ಟಳು. ಈಗ ಅವಳಿಗೆ ಅಳು ಬಂತು. ಗಂಗೆ ಹೋಗಿ ಪಕ್ಕದಲ್ಲಿ ಕೂತಳು.

ಕೊಟ್ಟಿಗೆಯಲ್ಲಿ ಹಸು ಕೂಗುತ್ತಿತ್ತು. ತಿಮ್ಮಯ್ಯ ಹುಲ್ಲು ಹಾಕಲು ಹಿಂದಕ್ಕೆ ಹೋದರು. ತಗಡಿನ ಮಾಡಿನಡಿ ಕಟ್ಟಿದ್ದ ಬಿದಿರಿನ ಗಳುವಿನ ಮೇಲೆ ಒಂದು ದಪ್ಪ ಕಂಬಳಿ ಇಳಿಬಿದ್ದಿತ್ತು. ಅಶೋಕನದು. ಮುಂದಿನ ತಿಂಗಳು ರಜೆಗೆ ಬರುತ್ತಾನೆಂದು ವಿಶಾಲಾಕ್ಷಮ್ಮ ನಿನ್ನೆ ಬೆಳಗ್ಗೆ ಕಲ್ಲಿನ ಮೇಲೆ ಹಾಕಿ ಕಾಲಿನಿಂದ ತುಳಿದು ಒಗೆದದ್ದು. ಹಿಂಡಲಾರದೆ ಹಾಗೆಯೇ ಹರವಿದ್ದಳು. ಕೆಳಗಿನ ಅಂಚಿನಿಂದ ಇನ್ನೂ ಹನಿ ಬೀಳುತ್ತಿತ್ತು.

ಅವರು ಕೈಯಾಡಿಸಿ ನೋಡಿದರು. ಹೊರಮೈ ಆರಿತ್ತು, ಒಳಮೈ ಇನ್ನೂ ತೊಯ್ದೇ ಇತ್ತು. ಹುಲ್ಲನ್ನು ಕೆಳಗಿಟ್ಟು, ಎರಡೂ ಕೈಗಳಿಂದ ಆ ಭಾರವನ್ನು ಎತ್ತಿ, ಒದ್ದೆಯ ಮಗ್ಗುಲನ್ನು ಗಾಳಿಗೆ ತಿರುಗಿಸಿ ಹಾಕಿದರು.